ಬೆಚ್ಚಗಿನ ನೆಲ

ಇಟಲಿಯಲ್ಲಿ ಸ್ನಾನಕ್ಕೂ ಡಾಕ್ಟರು ಚೀಟಿ ಬರೆದುಕೊಡುತ್ತಾರೆ, ವರ್ಷಕ್ಕೆ 12 ಸ್ನಾನದ ಖರ್ಚಿನಲ್ಲಿ ದೊಡ್ಡ ಪಾಲನ್ನು ಸರ್ಕಾರವೇ ಹೊರುತ್ತದೆ ಎಂದು ಮಗಳು ಹೇಳಿದಾಗ ನನ್ನ ಹೆಂಡತಿ ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ಉಳಿದ ದಿನ ಎಂತ ಮಾಡ್ತಾರಂತೆ?" ಎಂದು ಕೇಳಿದಳು.

ಅವಳ ಸಂಶಯಕ್ಕೆ ಕಾರಣವುಂಟು. ಪುತ್ತೂರಿನ ಕಡೆ ಬಿಸಿನೀರಿಗೆ ಚೀಟಿ ಬರೆಯುವ ಅಧಿಕಾರ ಇದ್ದದ್ದು ಮನೆಯ ಹಿರಿಯ ಹೆಂಗಸಿಗೆ ಮಾತ್ರ. ನಮ್ಮಲ್ಲಿ ಆ ಅಧಿಕಾರ ಅಮ್ಮನದಾಗಿತ್ತು. ಅಡಿಕೆ ಸಿಪ್ಪೆ, ತೆಂಗಿನ ಮಡಲು ತುರುಕಿದ ಒಲೆಯ ಮೇಲೆ ತಾಮ್ರದ ಹಂಡೆ ಬೆಳಗಿನಿಂದ ಕಾಯುತ್ತಿತ್ತು. ಜ್ವರ ಬಿಟ್ಟವನಿಗೆ, ಪರೀಕ್ಷೆಯಲ್ಲಿ ನಪಾಸಾದವನಿಗೆ, ಗಂಡನ ಮನೆಯಲ್ಲಿ ಜಗಳ ಮಾಡಿ ಬಂದ ಅತ್ತಿಗೆಗೆ, ಎಲ್ಲರಿಗೂ ಅಮ್ಮನ ಮೊದಲ ಮಾತು ಒಂದೇ: "ಮೊದಲು ಮಿಂದು ಬಾ, ಆಮೇಲೆ ಮಾತಾಡುವ." ಮಿಂದು ಬಂದ ಮೇಲೆ ಹೆಚ್ಚಿನವರಿಗೆ ಆಡಬೇಕಾದ ಮಾತು ಉಳಿದಿರುತ್ತಿರಲಿಲ್ಲ. ಹಸಿವಾಗಿರುತ್ತಿತ್ತು, ಅಷ್ಟೆ.

ಮಗಳು ನೇಪಲ್ಸಿನ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಾಳೆ. ಮನೆ ಮಾಡಿರುವುದು ಪಕ್ಕದ ಪೊಟ್ಸುವೊಲಿಯಲ್ಲಿ. ಕಿಟಕಿ ತೆರೆದರೆ ಸಮುದ್ರ, ಬಾಡಿಗೆಯೂ ಕೈಗೆಟಕುವಂಥದ್ದು. ಇಷ್ಟು ಚೆಂದದ ಕಿಟಕಿ ಇಷ್ಟು ಅಗ್ಗಕ್ಕೆ ಸಿಕ್ಕಿದ್ದು ಹೇಗೆ ಎಂದು ನಾವು ಫೋನಿನಲ್ಲಿ ಕೇಳಿರಲಿಲ್ಲ. ಉತ್ತರ ನಾವು ಅಲ್ಲಿಗೆ ಹೋದ ಮೊದಲ ವಾರದಲ್ಲೇ, ಒಂದು ರಾತ್ರಿ ಬಂತು. ಅಡುಗೆಮನೆಯ ಗಾಜಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ಮಂಚ ಒಂದು ಬೆರಳಿನಷ್ಟು ಆಚೆ ಸರಿದು ಮತ್ತೆ ಈಚೆ ಬಂತು. ನಾನು ಎದ್ದು ಕೂತೆ. ಪಕ್ಕದ ಕೋಣೆಯಿಂದ ಮಗಳ ನಿದ್ದೆಗಣ್ಣಿನ ದನಿ: "ಸಣ್ಣದು ಅಪ್ಪಾ, ಎರಡೂವರೆಯೂ ಇರ್ಲಿಕ್ಕಿಲ್ಲ. ನಾಲ್ಕಾದ್ರೆ ಸ್ವಲ್ಪ ಗೊತ್ತಾಗ್ತದೆ. ಮಲಗಿ."

ಸಿಡಿಲು ಬಡಿದರೆ ನನ್ನ ಪಂಚೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು ನಿಲ್ಲುತ್ತಿದ್ದ ಹುಡುಗಿ ಇವಳು. ಭೂಮಿ ನಡುಗಿದರೆ ಈಗ ಮಗ್ಗುಲು ಬದಲಿಸಿ ಮಲಗುತ್ತಾಳೆ. ಮಕ್ಕಳು ಧೈರ್ಯವಂತರಾಗಲಿ ಎಂದು ಬೇಡಿಕೊಂಡವರೇ ನಾವು. ಆದರೆ ಇಷ್ಟೊಂದನ್ನು ಬೇಡಿದ ನೆನಪಿಲ್ಲ.

ಬೆಳಿಗ್ಗೆ ಅವಳು ನಮ್ಮನ್ನು ಪೇಟೆಗೆ ಕರೆದುಕೊಂಡು ಹೋಗಿ ರೋಮನರ ಕಾಲದ ಮಾರುಕಟ್ಟೆಯ ಮೂರು ಅಮೃತಶಿಲೆಯ ಕಂಬಗಳನ್ನು ತೋರಿಸಿದಳು. ಆಳೆತ್ತರಕ್ಕಿಂತ ಎಷ್ಟೋ ಮೇಲೆ ಕಂಬಗಳ ಮೈತುಂಬ ಸಣ್ಣ ಸಣ್ಣ ತೂತುಗಳು. ಕಲ್ಲು ಕೊರೆಯುವ ಕಡಲ ಚಿಪ್ಪುಜೀವಿಗಳ ಕೆಲಸವದು. ಎಂದರೆ ಈ ನೆಲ ಒಂದು ಕಾಲಕ್ಕೆ ಅಷ್ಟು ಎತ್ತರದವರೆಗೆ ಸಮುದ್ರದಲ್ಲಿ ಮುಳುಗಿತ್ತು, ಕಂಬಗಳನ್ನು ಬೀಳಿಸದೆಯೇ ಮತ್ತೆ ಮೇಲೆದ್ದಿತು. 1982ರಿಂದ 1984ರೊಳಗೆ ಊರಿನ ನೆಲ ಸುಮಾರು 1.8 ಮೀಟರ್ ಏರಿತಂತೆ. ಈಗಲೂ ಏರುತ್ತಿದೆ. ಮಗಳು ಇದನ್ನೆಲ್ಲ ಊರಿನ ಜಾತ್ರೆಯ ಬಗ್ಗೆ ಹೇಳುವ ಉತ್ಸಾಹದಲ್ಲಿ ಹೇಳಿದಳು. ಹೆಂಡತಿ ಕಂಬದ ತೂತುಗಳನ್ನು ನೋಡುತ್ತಾ, "ನಿನ್ನ ಮನೆಗೆ ಎಷ್ಟು ವರ್ಷ ಆಯ್ತು?" ಎಂದು ಕೇಳಿದಳು. "ಎಪ್ಪತ್ತು ಇರಬಹುದು," ಎಂದಳು ಮಗಳು. ನಮಗಿಬ್ಬರಿಗೂ ಆ ವಯಸ್ಸಿನ ಗಟ್ಟಿತನದ ಬಗ್ಗೆ ಸ್ವಂತ ಅನುಭವ ಇದ್ದುದರಿಂದ ಮುಂದೆ ಮಾತಾಡಲಿಲ್ಲ.

ಹೆಂಡತಿಯ ಮೊಣಕಾಲು ಗಂಟಿಗಾಗಿ ಮಗಳು ಹೂಡಿದ ಯೋಜನೆ ಇಸ್ಕಿಯಾ ದ್ವೀಪದ್ದು. ಪೊಟ್ಸುವೊಲಿಯ ಬಂದರಿನಿಂದಲೇ ಅಲ್ಲಿನ ಕಾಸಮಿಚ್ಚೊಲ ಎಂಬ ಊರಿಗೆ ಹಡಗು. ನೀರಿನ ನಡುವಿನಿಂದ ದ್ವೀಪ ಮೆಲ್ಲಗೆ ಎದ್ದು ಬರುತ್ತದೆ, ಮಧ್ಯದಲ್ಲಿ ಎಪೊಮೆಯೊ ಬೆಟ್ಟ, 789 ಮೀಟರ್ ಎತ್ತರ. ಬೆಟ್ಟವೇನೋ ಜ್ವಾಲಾಮುಖಿಯ ದ್ವೀಪದ್ದೇ, ಆದರೆ ಅದರ ನೆತ್ತಿಯಲ್ಲಿ ನಾವು ಚಿತ್ರದಲ್ಲಿ ಕಾಣುವ ಬೆಂಕಿಯ ಬಾಯಿ ಇಲ್ಲ. ಸುಮಾರು 55,000 ವರ್ಷಗಳ ಹಿಂದೆ ಇಲ್ಲಿ ಭಾರೀ ಸ್ಫೋಟವಾಗಿ, ಉಗುಳಿದ ಬೂದಿಯೆಲ್ಲ ಕುಸಿದ ಹೊಂಡದೊಳಗೆ ಕಡಲ ನೀರಿನಡಿ ಹೆಪ್ಪುಗಟ್ಟಿ ಹಸಿರು ಛಾಯೆಯ ಕಲ್ಲಾಯಿತು. ಕೆಳಗಿನ ಶಿಲಾರಸ ಆ ಕಲ್ಲನ್ನೇ ಇಡಿಯಾಗಿ ಮೇಲಕ್ಕೆ ಒತ್ತಿ ಬೆಟ್ಟ ಮಾಡಿತು. ಬೆಟ್ಟದ ಮೇಲೆ ಕಡಲ ಚಿಪ್ಪಿನ ಪಳೆಯುಳಿಕೆ ಸಿಗುವುದು ಹೀಗೆ. ದ್ವೀಪ ಕೊನೆಯ ಸಲ ಬೆಂಕಿ ಕಾರಿದ್ದು 1302ರಲ್ಲಿ. ಆಮೇಲೆ ಬರೀ ಬಿಸಿನೀರು ಕಾಯಿಸಿಕೊಂಡಿದೆ: ಬೆಟ್ಟದ ಮೇಲೆ ಬಿದ್ದ ಮಳೆ ಬಿರುಕುಗಳಲ್ಲಿ ಇಳಿಯುತ್ತದೆ, ಕಡಲ ನೀರೂ ಒಳಗೆ ಸೇರುತ್ತದೆ, ಕೆಳಗಿನ ಕಾವಿಗೆ ಕುದಿದು, ಕಲ್ಲಿನ ಉಪ್ಪುಗಳನ್ನೆಲ್ಲ ಕರಗಿಸಿಕೊಂಡು ನೂರಕ್ಕೂ ಹೆಚ್ಚು ಕಡೆ ಒಸರಾಗಿ ಮೇಲೆ ಬರುತ್ತದೆ.

ಹಳೆಯ ಗ್ರೀಕರಿಗೆ ಈ ವಿವರಣೆ ಸಾಲದಾಗಿತ್ತು. ಅವರ ಕತೆಯಲ್ಲಿ ದೇವರಾಜ ಜ್ಯೂಸ್ ಟೈಫನ್ ಎಂಬ ದೈತ್ಯನನ್ನು ಸೋಲಿಸಿ ಈ ದ್ವೀಪದಡಿ ಅದುಮಿಟ್ಟಿದ್ದಾನೆ. ಅವನ ಕಣ್ಣೀರೇ ಬಿಸಿನೀರ ಒಸರು, ಅವನು ಮೈ ಮುರಿದರೆ ಭೂಕಂಪ. ಊರುಗಳಿಗೂ ಅವನ ಅಂಗಾಂಗಗಳ ಹೆಸರೇ ಇವೆ ಎನ್ನುತ್ತಾರೆ: ಒಂದು ಹಳ್ಳಿ ಹೊಟ್ಟೆ, ಒಂದು ಹುಬ್ಬು, ಒಂದು ಬಾಯಿ. ಇನ್ನೊಬ್ಬನ ಕಣ್ಣೀರಿನಲ್ಲಿ ತಮ್ಮ ಕೀಲುನೋವು ಕಳೆದುಕೊಳ್ಳುವ ಏರ್ಪಾಡು ಹೆಂಡತಿಗೆ ಅಷ್ಟು ಸರಿ ಕಾಣಲಿಲ್ಲ. "ಪಾಪ, ಅವನಿಗೆ ಯಾರೂ ನೀರು ಹೊಯ್ಯುವವರಿಲ್ಲ," ಎಂದಳು.

ಬಿಸಿನೀರ ಒಸರು ನಮಗೂ ಹೊಸದೇನಲ್ಲ. ಪುತ್ತೂರು ತಾಲೂಕಿನ ಇರ್ದೆಯಲ್ಲಿ ಬೆಂದ್ರ್ ತೀರ್ಥವಿದೆ. ಆಟಿ ಅಮಾವಾಸ್ಯೆಗೆ ಅಜ್ಜ ನನ್ನನ್ನು ಅಲ್ಲಿಗೆ ಕರೆದೊಯ್ದು, ಗಂಧಕದ ವಾಸನೆಗೆ ಮೂಗು ಮುಚ್ಚಿಕೊಂಡವನನ್ನು ತಲೆ ಹಿಡಿದು ಮುಳುಗಿಸಿದ್ದರು. ಅಲ್ಲಿ ದೈತ್ಯನೂ ಇರಲಿಲ್ಲ, ಡಾಕ್ಟರರ ಚೀಟಿಯೂ ಇರಲಿಲ್ಲ. ಮರಳುವ ದಾರಿಯಲ್ಲಿ ಅವಲಕ್ಕಿ ಸಿಗುತ್ತಿತ್ತು.

ಕಾಸಮಿಚ್ಚೊಲದ ಸ್ನಾನದ ಮನೆಯಲ್ಲಿ ಮೊದಲು ನಮ್ಮ ಕಣ್ಣಿಗೆ ಬಿದ್ದದ್ದು ಸಾಲಾಗಿ ಕುರ್ಚಿಯಲ್ಲಿ ಕೂತಿದ್ದ ಮುದುಕ ಮುದುಕಿಯರು, ಎಲ್ಲರೂ ಬಿಳಿ ನಿಲುವಂಗಿಯಲ್ಲಿ. ಹೊರಗೆ ಯಾರು ವಕೀಲರೋ ಯಾರು ಮೀನಿನ ವ್ಯಾಪಾರಿಯೋ, ಒಳಗೆ ಎಲ್ಲರ ಅಂತಸ್ತೂ ಕಾಯಿಲೆಯಿಂದಲೇ ನಿರ್ಧಾರವಾಗುತ್ತಿತ್ತು. ಬರೀ ಮೊಣಕಾಲು ಇದ್ದವನಿಗೆ ಬಾಗಿಲ ಹತ್ತಿರದ ಕುರ್ಚಿ. ಸೊಂಟ, ಕುತ್ತಿಗೆ, ಎರಡೂ ಭುಜ ಕೂಡಿ ಬಂದವನ ಮಾತಿಗೆ ಉಳಿದವರು ಸುಮ್ಮನಾಗುತ್ತಿದ್ದರು. ನನಗೆ ಹೇಳಿಕೊಳ್ಳುವಂಥ ಕಾಯಿಲೆ ಯಾವುದೂ ಇಲ್ಲವೆಂದು ಮಗಳು ಭಾಷಾಂತರಿಸಿದಾಗ ಅವರೆಲ್ಲ ನನ್ನತ್ತ ನೋಡಿದ ನೋಟದಲ್ಲಿ ಅಸೂಯೆಯಿರಲಿಲ್ಲ. ಇವನು ಬದುಕಿದ್ದೇನು ಸಾರ್ಥಕ ಎಂಬ ಮರುಕವಿತ್ತು.

ಅಲ್ಲಿ ಮಣ್ಣು ಹಚ್ಚುತ್ತಿದ್ದ ಹೆಂಗಸಿಗೆ ಐವತ್ತರ ಸುಮಾರು, ತೋಳು ನಮ್ಮ ಭತ್ತ ಕುಟ್ಟುವವರ ತೋಳು. ಬಿಸಿನೀರಲ್ಲಿ ತಿಂಗಳುಗಟ್ಟಲೆ ನೆನೆಸಿಟ್ಟ ಬೂದುಬಣ್ಣದ ಜೇಡಿಮಣ್ಣನ್ನು ಬಕೀಟಿನಲ್ಲಿ ತಂದಳು. ಮೊದಲು ಒಂದು ಮುದ್ದೆಯನ್ನು ತನ್ನ ಮುಂಗೈಯ ಒಳಬದಿಗೆ ಇಟ್ಟು ನೋಡಿದಳು. ಎಳೆಮಗುವಿಗೆ ನೀರು ಹೊಯ್ಯುವ ಮುನ್ನ ನಮ್ಮ ಹೆಂಗಸರು ಮುಟ್ಟಿ ನೋಡುವುದೂ ಅದೇ ಜಾಗದಲ್ಲಿ. ಬಿಸಿ ಸರಿಯಾಗಿದೆ ಎನಿಸಿದ ಮೇಲೆ ಎರಡು ಮೊಣಕಾಲಿಗೂ ಮೂರು ಬೆರಳು ದಪ್ಪ ಮೆತ್ತಿ, ಬಟ್ಟೆ ಸುತ್ತಿ, ಮೇಲೆ ಕಂಬಳಿ ಹೊದಿಸಿ, ಗೋಡೆಯ ಗಡಿಯಾರಕ್ಕೆ ಬೆರಳು ತೋರಿಸಿ ಹೋದಳು. ಕಾಲು ಗಂಟೆಯ ಮೇಲೆ ತೊಳೆದು, ಬಿಸಿನೀರ ತೊಟ್ಟಿಗೆ ಇಳಿಸಿ, ಆಮೇಲೆ ಹಾಳೆಯಲ್ಲಿ ಸುತ್ತಿ ಬೆವರಲು ಮಲಗಿಸಿದಳು. ಪಕ್ಕದ ಮಂಚದಲ್ಲಿ ನೇಪಲ್ಸಿನ ಒಬ್ಬ ಅಜ್ಜಿ, ಅವಳೂ ಅದೇ ಅವಸ್ಥೆಯಲ್ಲಿ. ಅವಳಿಗೆ ಇಟಾಲಿಯನ್, ಇವಳಿಗೆ ಕನ್ನಡ. ಇಬ್ಬರ ಕೈಯೂ ಹಾಳೆಯೊಳಗೆ ಸಿಕ್ಕಿಕೊಂಡಿದ್ದರಿಂದ ಸನ್ನೆಗೂ ದಾರಿಯಿರಲಿಲ್ಲ. ಆದರೂ ಹೊರಗೆ ಬಂದ ಹೆಂಡತಿಗೆ ಅಜ್ಜಿಯ ಗಂಡ ತೀರಿಕೊಂಡದ್ದು, ಸೊಸೆ ಸರಿಯಿಲ್ಲದ್ದು, ಮಗ ಮಿಲಾನಿನಲ್ಲಿರುವುದು ಎಲ್ಲವೂ ಗೊತ್ತಿತ್ತು. "ನನಗೆ ಹೇಗೆ ಅರ್ಥ ಆಯ್ತು ಅಂತ ಕೇಳ್ಬೇಡಿ ಮಾರಾಯ್ರೆ," ಎಂದಳು. "ಅವರ ಮಗನೂ ವರ್ಷಕ್ಕೆ ಒಮ್ಮೆಯೇ ಬರುವುದಂತೆ."

ನೋವು ಹೊತ್ತು ಇಲ್ಲಿಗೆ ಬಂದವರ ಸಾಲು ದೊಡ್ಡದು. 1588ರಲ್ಲಿ ಜೂಲಿಯೊ ಯಾಸೊಲಿನೊ ಎಂಬ ವೈದ್ಯ ದ್ವೀಪದ ಒಸರುಗಳನ್ನು ಒಂದೊಂದಾಗಿ ಪರಿಶೀಲಿಸಿ, ಯಾವುದು ಯಾವ ರೋಗಕ್ಕೆ ಎಂದು ಪುಸ್ತಕವನ್ನೇ ಬರೆದ. ನೇಪಲ್ಸಿನ ಕೆಲವು ಸಿರಿವಂತ ತರುಣರು ಕಟ್ಟಿದ ಪಿಯೊ ಮೊಂತೆ ಎಂಬ ದಾನಸಂಸ್ಥೆ 1604ರಲ್ಲಿ ಬಡರೋಗಿಗಳ ಬಿಸಿನೀರ ಚಿಕಿತ್ಸೆಗೆಂದೇ ಇಲ್ಲಿ ಆಸ್ಪತ್ರೆ ತೆರೆಯಿತು. ಡಾಕ್ಟರರ ಚೀಟಿಯ ಬೇರು ಅಲ್ಲಿರಬೇಕು. ಆಮೇಲೆ ಕಡಲಂಚಿನಲ್ಲಿ ಕಟ್ಟಿದ ಅದರ ದೊಡ್ಡ ಕಟ್ಟಡ ಈಗ ಪಾಳುಬಿದ್ದು, ಕಿಟಕಿಗಳಲ್ಲಿ ಗಿಡ ಬೆಳೆಸಿಕೊಂಡು ನಿಂತಿದೆ. 1862ರಲ್ಲಿ ಕಾಲಿಗೆ ಗುಂಡು ತಿಂದ ಗರಿಬಾಲ್ಡಿ ಎರಡು ವರ್ಷದ ಮೇಲೆ ಆ ಗಾಯ ಹೊತ್ತು ಇಲ್ಲಿ ಮೀಯಲು ಬಂದ. ಅವನು ಮಿಂದ ತೊಟ್ಟಿಯನ್ನು ಇನ್ನೂ ಜೋಪಾನವಾಗಿ ಇಟ್ಟಿದ್ದಾರೆ. ಇಟಲಿಯನ್ನು ಒಂದುಗೂಡಿಸಿದ ವೀರ ಕಾಲು ಮಡಚಿಕೊಂಡೇ ಕೂರಬೇಕಿತ್ತೆಂದು ಕಾಣುತ್ತದೆ, ಅಷ್ಟು ಗಿಡ್ಡ ತೊಟ್ಟಿ. 1918ರಲ್ಲಿ ಮೇರಿ ಕ್ಯೂರಿ ಬಂದು ನೀರಿನ ವಿಕಿರಣವನ್ನು ಪರೀಕ್ಷಿಸಿದಳು. ಆಕೆ ಮಿಂದಳೋ ಇಲ್ಲವೋ ಯಾರೂ ಹೇಳಲಿಲ್ಲ.

ನಾಟಕಕಾರ ಇಬ್ಸೆನ್ 1867ರ ಬೇಸಿಗೆಯಲ್ಲಿ ಇಲ್ಲಿ ಮನೆ ಹಿಡಿದು 'ಪೀರ್ ಗಿಂಟ್' ಬರೆಯುತ್ತಿದ್ದ. ಒಂದು ದಿನ ನೆಲ ಕೊಂಚ ಅಲುಗಿತು. ಮನುಷ್ಯ ಗಂಟುಮೂಟೆ ಕಟ್ಟಿ ಸೊರೆಂಟೊಗೆ ಹೊರಟುಬಿಟ್ಟ, ನಾಟಕ ಅಲ್ಲಿ ಮುಗಿಯಿತು. ಈ ಸಂಗತಿ ಓದಿದ ಮೇಲೆ ಇಬ್ಸೆನ್ ಮೇಲಿನ ನನ್ನ ಗೌರವ ಹೆಚ್ಚಿದೆ.

ಆದರೆ ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದವನು ಕ್ರೋಚೆ. ಕಾಲೇಜಿನಲ್ಲಿ ಕನ್ನಡ ಎಂ.ಎ. ಹುಡುಗರಿಗೆ ಪಾಶ್ಚಾತ್ಯ ಕಾವ್ಯಮೀಮಾಂಸೆ ಕಲಿಸುವಾಗ ಬೆನೆಡೆಟ್ಟೊ ಕ್ರೋಚೆ ನನ್ನ ಪಾಲಿಗೆ ಊಟದ ನಂತರದ ಪೀರಿಯಡ್ಡಿನಲ್ಲಿ ಬರುತ್ತಿದ್ದ. ಕಲೆಯೆಂದರೆ ಅಂತಃಸ್ಫುರಣೆ, ಅಂತಃಸ್ಫುರಣೆ ಎಂದರೆ ಅಭಿವ್ಯಕ್ತಿಯೇ ಎಂದು ನಾನು ಬೋರ್ಡಿನ ಮೇಲೆ ಬರೆಯುವಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ಎರಡು ತಲೆ ಮೇಜಿಗೆ ತಾಗಿರುತ್ತಿದ್ದವು. ಹುಟ್ಟಿದ್ದು 1866, ತೀರಿಕೊಂಡದ್ದು 1952, ಸೌಂದರ್ಯಶಾಸ್ತ್ರದ ಗ್ರಂಥ 1902. ನೋಟ್ಸಿನಲ್ಲಿ ಇದ್ದದ್ದು ಅಷ್ಟು. ಹುಡುಗರು ಅದನ್ನು ಬಾಯಿಪಾಠ ಮಾಡಿ ಪಾಸಾದರು. ಈಗ ಅವರಲ್ಲಿ ಕೆಲವರು ಅದೇ ನೋಟ್ಸಿನಿಂದ ಪಾಠ ಮಾಡುತ್ತಿದ್ದಾರೆ.

ನೋಟ್ಸಿನಲ್ಲಿ ಇಲ್ಲದ್ದು ಇದು: 1883ರ ಜುಲೈ 28ರ ರಾತ್ರಿ, ಒಂಬತ್ತೂವರೆಗೆ ಇನ್ನೇನು ಕೆಲವು ನಿಮಿಷ. ಬಿಸಿನೀರಿನ ಸೀಸನ್ನು, ಊರಿನ ತುಂಬ ದೂರದ ಅತಿಥಿಗಳು. ಹದಿನೇಳರ ಹುಡುಗ ಕ್ರೋಚೆ ಅಪ್ಪ, ಅಮ್ಮ, ತಂಗಿಯ ಜೊತೆ ರಜೆಗೆಂದು ಬಂದು ಒಂದು ವಿಲ್ಲಾದಲ್ಲಿದ್ದ. ಭೂಕಂಪ ಕೆಲವೇ ಸೆಕೆಂಡಿನದು. ಇಂದಿನ ಲೆಕ್ಕದಲ್ಲಿ ಅಂಥ ಮಹಾ ಕಂಪನವೂ ಅಲ್ಲ, ಆದರೆ ಹುಟ್ಟಿದ್ದು ಕಾಲಡಿಯಲ್ಲೇ, ತೀರ ಮೇಲ್ಪದರದಲ್ಲಿ. ದ್ವೀಪದಲ್ಲಿ ಸತ್ತವರು 2,313 ಮಂದಿ, ಬಹುಪಾಲು ಕಾಸಮಿಚ್ಚೊಲದವರು ಮತ್ತು ಅವರ ಅತಿಥಿಗಳು. ಮೂಳೆ ಮುರಿದು ಕಲ್ಲುಮಣ್ಣಿನೊಳಗೆ ಹೂತುಹೋಗಿದ್ದ ಹುಡುಗನನ್ನು ಗಂಟೆಗಳ ಮೇಲೆ ಹೊರತೆಗೆದರು. ಅಪ್ಪ, ಅಮ್ಮ, ತಂಗಿ ಮೂವರೂ ಹೋಗಿದ್ದರು. ರೋಮಿನಲ್ಲಿದ್ದ ಬಂಧುವೊಬ್ಬರು ಮನೆಗೆ ಕರೆದುಕೊಂಡರು. ಆ ವರ್ಷಗಳು ತನ್ನ ಬಾಳಿನ ಅತಿ ಕತ್ತಲೆಯ ವರ್ಷಗಳೆಂದೂ, ರಾತ್ರಿ ದಿಂಬಿಗೆ ತಲೆಯಿಟ್ಟಾಗ ಬೆಳಿಗ್ಗೆ ಏಳದಿದ್ದರೆ ಸಾಕೆನಿಸುತ್ತಿತ್ತೆಂದೂ ಅವನು ಮುಂದೆ ಬರೆದಿದ್ದಾನೆ.

ಊರಿನ ಮೇಲ್ಭಾಗದ ಆ ಓಣಿಗಳಲ್ಲಿ ನಿಂತಾಗ ನನಗೆ ಆ ಊಟದ ನಂತರದ ಪೀರಿಯಡ್ಡಿಗೆ ಇನ್ನೊಮ್ಮೆ ಹೋಗಬೇಕೆನಿಸಿತು. ಸಿದ್ಧಾಂತ ವಿವರಿಸುವುದಕ್ಕಲ್ಲ. ಹಿಂದಿನ ಬೆಂಚಿನವರನ್ನು ಎಬ್ಬಿಸದೆ, ಮುಂದಿನವರಿಗೆ ಮೆಲ್ಲಗೆ ಹೇಳಲಿಕ್ಕೆ: ನೋಡಿ, ಈತನಿಗೆ ಆಗ ನಿಮಗಿಂತ ಚಿಕ್ಕ ಪ್ರಾಯ.

ಭೂಕಂಪವಾದ ಮೇಲೆ ಊರನ್ನು ಬಿಟ್ಟು ಹೋಗೋಣವೆಂದು ಯಾರಿಗೂ ಅನಿಸಲಿಲ್ಲವೇ? ಇಲ್ಲವೆಂದೇ ಕಾಣುತ್ತದೆ. ಉಳಿದವರು ಮರದ ಬಿಡಾರಗಳಲ್ಲಿ ಇದ್ದು, ಕಡಲಿನ ಹತ್ತಿರಕ್ಕೆ ಇಳಿದು ಮತ್ತೆ ಕಟ್ಟಿದರು. 1885ರಲ್ಲಿ ಜೂಲಿಯೊ ಗ್ರಾಬ್ಲೊವಿಟ್ಸ್ ಎಂಬ ವಿಜ್ಞಾನಿ ಗುಡ್ಡದ ಮೇಲೆ ವೀಕ್ಷಣಾಲಯ ನಡೆಸಲು ಬಂದ. ದೈತ್ಯನ ನಾಡಿ ಹಿಡಿದು ಕೂತ ಆ ಪುಣ್ಯಾತ್ಮ ದಶಕಗಳ ಕಾಲ ಅಲ್ಲೇ ಉಳಿದ. ಸ್ನಾನದ ಮನೆಗಳು ಮತ್ತೆ ತೆರೆದವು, ಅತಿಥಿಗಳು ಮತ್ತೆ ಬಂದರು.

ಪ್ರವಾಸಿಗಳಾಗಿ ನಾವು ಉಳಿದ ಕರ್ತವ್ಯಗಳನ್ನೂ ಮುಗಿಸಿದೆವು. ಪಕ್ಕದ ಲಾಕ್ಕೊ ಅಮೇನೊದ ಕಡಲಲ್ಲಿ ಅಣಬೆಯಾಕಾರದ ಬಂಡೆ ನೋಡಿದೆವು, ಅದು ಅಣಬೆಯಂತೆಯೇ ಇದೆ. ಅರಗೊನೀಸ್ ಕೋಟೆಯಲ್ಲಿ, ತೀರಿಕೊಂಡ ಸನ್ಯಾಸಿನಿಯರನ್ನು ಕಲ್ಲಿನ ಕುರ್ಚಿಗಳಲ್ಲಿ ಕೂರಿಸಿ ದೇಹ ಕರಗಲು ಬಿಡುತ್ತಿದ್ದ ನೆಲಮಾಳಿಗೆಗೆ ನಾನೊಬ್ಬನೇ ಇಳಿದು ಬೇಗ ಮೇಲೆ ಬಂದೆ. ಲಾಕ್ಕೊ ಅಮೇನೊದ ಮ್ಯೂಸಿಯಮ್ಮಿನಲ್ಲಿ ಮಾತ್ರ ಹೆಂಡತಿ ತುಂಬ ಹೊತ್ತು ನಿಂತಳು. ಅಲ್ಲಿರುವುದು 1954ರಲ್ಲಿ ಒಂದು ಸಮಾಧಿಯಲ್ಲಿ ಚೂರುಚೂರಾಗಿ ಸಿಕ್ಕ ಮಣ್ಣಿನ ಬಟ್ಟಲು, ಕ್ರಿಸ್ತಪೂರ್ವ ಎಂಟನೆಯ ಶತಮಾನದ್ದು. ಅದರ ಮೈಮೇಲೆ ಗೀರಿರುವ ಮೂರು ಸಾಲು ಗ್ರೀಕ್ ಲಿಪಿಯ ಅತಿ ಹಳೆಯ ಬರಹಗಳಲ್ಲಿ ಒಂದು. ಬಟ್ಟಲು ನೆಸ್ಟರ್ ಎಂಬವನದೆಂದೂ, ಇದರಲ್ಲಿ ಕುಡಿದವರಿಗೆ ಪ್ರೇಮದ ಹುಚ್ಚು ಹಿಡಿಯುವುದೆಂದೂ ಅದರ ತಾತ್ಪರ್ಯ. ಮಗಳು ವಿವರಿಸುತ್ತಿದ್ದಂತೆ ಹೆಂಡತಿ, "ಪಾತ್ರೆಗೆ ಹೆಸರು ಹಾಕಿಸುವುದು ಆಗಲೇ ಇತ್ತಾ!" ಎಂದು ಹಿಗ್ಗಿದಳು. ನಮ್ಮ ಮದುವೆಯ ಸ್ಟೀಲ್ ಪಾತ್ರೆಗಳಿಗೆಲ್ಲ ಹೆಸರು, ತಾರೀಕು ಕೆತ್ತಿಸಿದ್ದವಳು ಅವಳು. ಅದರಲ್ಲಿ ಕುಡಿದವರಿಗೆ ಏನಾಗುತ್ತದೆಂದು ಮಾತ್ರ ಬರೆಸಿರಲಿಲ್ಲ.

ದ್ವೀಪದಲ್ಲಿ ನಾವಿದ್ದ ಮನೆಯ ಒಡತಿಗೆ ಎಪ್ಪತ್ತೆಂಟು. ಒಂದು ಸಂಜೆ ಅವರೇ ನಮ್ಮನ್ನು ಮೇಲಿನ ಕೇರಿಗೆ ನಡೆಸಿಕೊಂಡು ಹೋದರು. ಮರದ ಆಧಾರ ಕೊಟ್ಟು ನಿಲ್ಲಿಸಿದ ಗೋಡೆಗಳು, ಬೇಲಿ ಹಾಕಿದ ಮನೆಗಳು. ಒಂದು ಮನೆಯ ಒಡೆದ ಗೋಡೆಯಾಚೆ ಅಡುಗೆಮನೆಯ ನೀಲಿ ಟೈಲು ಇನ್ನೂ ಹೊಳೆಯುತ್ತಿತ್ತು. 2017ರ ಆಗಸ್ಟ್ 21ರ ರಾತ್ರಿಯ ಭೂಕಂಪದ ಗುರುತು ಅದು. ಇಬ್ಬರು ಸತ್ತರು. ಒಂದು ಮನೆ ಕುಸಿದು ಮೂವರು ಮಕ್ಕಳು ಒಳಗೆ ಸಿಕ್ಕಿಬಿದ್ದರು. ಹಿರಿಯ ಹುಡುಗ ತಮ್ಮನನ್ನು ಮಂಚದಡಿಗೆ ನೂಕಿ, ಪೊರಕೆಯ ಕೋಲಿನಿಂದ ಬಡಿದು ಸದ್ದು ಮಾಡಿ ಹೊರಗಿದ್ದವರಿಗೆ ತಿಳಿಸಿದನಂತೆ. ಮೂವರೂ ಬದುಕಿ ಬಂದರು. ಅದರ ತೀವ್ರತೆ ಎಷ್ಟೆಂದು ನಾನು ಮೆಲ್ಲಗೆ ಮಗಳನ್ನು ಕೇಳಿದೆ. ಅವಳು ಸ್ವಲ್ಪ ತಡೆದು, "ನಾಲ್ಕು," ಎಂದಳು. ಮುಂದೆ ಇಬ್ಬರೂ ಗೋಡೆಯ ಟೈಲನ್ನೇ ನೋಡುತ್ತಿದ್ದೆವು.

ಅಲ್ಲಿಂದ ಇಳಿಯುವಾಗ ಒಡತಿ ಬೆಟ್ಟದ ಮೈಮೇಲಿನ ಒಂದು ಬೋಳು ಗೀಟನ್ನು ತೋರಿಸಿದರು. 2022ರ ನವೆಂಬರ್ 26ರ ಬೆಳಗಿನ ಜಾವ, ಧಾರಾಕಾರ ಮಳೆಗೆ ಎಪೊಮೆಯೊದ ಇಳಿಜಾರು ಜರಿದು, ಕೆಸರು, ಬಂಡೆ, ಕಾರು, ಮನೆ ಎಲ್ಲ ಒಟ್ಟಾಗಿ ಕಡಲಿನವರೆಗೆ ಹರಿಯಿತು. ಹನ್ನೆರಡು ಜನ ಹೋದರು. 2018ರಲ್ಲಿ ಜೋಡುಪಾಲದ ಗುಡ್ಡ ಜರಿದಾಗಿನ ಸಂಪಾಜೆ ರಸ್ತೆಯನ್ನು ಕಂಡವರು ನಾವು. ಆ ಗೀಟನ್ನು ಓದಲು ನಮಗೆ ಭಾಷಾಂತರ ಬೇಕಾಗಲಿಲ್ಲ.

"ಇಷ್ಟೆಲ್ಲ ಆದ ಮೇಲೂ ಇಲ್ಲೇ ಯಾಕಿದ್ದೀರಿ ಅಂತ ಕೇಳು," ಎಂದೆ ಮಗಳಿಗೆ. ಅವಳು ಕೇಳಲು ಹಿಂಜರಿದಳು, ಆದರೂ ಕೇಳಿದಳು. ಮುದುಕಿ ನಿಂತು, ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ತಮ್ಮ ಮೊಣಕಾಲನ್ನು ಎರಡು ಸಲ ತಟ್ಟಿ ಏನೋ ಹೇಳಿದರು. ಬೇರೆ ಊರಿನ ನೀರು ಈ ಕಾಲಿಗೆ ಒಗ್ಗುವುದಿಲ್ಲವಂತೆ.

ಮಗಳನ್ನೂ ಅದೇ ಪ್ರಶ್ನೆ ಕೇಳಬೇಕೆಂದು ಮರಳುವ ಹಡಗಿನುದ್ದಕ್ಕೂ ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಕೇಳಲಿಲ್ಲ. ಅವಳು ಡೆಕ್ಕಿನ ಕಂಬಿಗೆ ಒರಗಿ, ಗಾಳಿಗೆ ಕೂದಲು ಬಿಟ್ಟುಕೊಂಡು, ಪೊಟ್ಸುವೊಲಿಯ ಮನೆಗಳನ್ನು ನಮ್ಮೂರಿನ ಬಸ್‌ಸ್ಟ್ಯಾಂಡು ಕಂಡಾಗ ನಾನು ನೋಡುವ ಹಾಗೆ ನೋಡುತ್ತಿದ್ದಳು.

ಹೆಂಡತಿ ಹಡಗಿನಲ್ಲಿ ಹೆಚ್ಚು ಮಾತಾಡಿರಲಿಲ್ಲ. ಮನೆಗೆ ಬಂದವಳೇ ಚಪ್ಪಲಿ ಬಿಟ್ಟು ಸೀದಾ ಮಗಳ ಕೋಣೆಗೆ ಹೋದಳು. ನಾನು ಹೋಗಿ ನೋಡುವಾಗ ನೆಲದ ಮೇಲೆ ಕೂತು ಮಂಚದಡಿಯಿಂದ ಒಂದೊಂದೇ ಸಾಮಾನು ಎಳೆಯುತ್ತಿದ್ದಳು: ಎರಡು ಸೂಟ್‌ಕೇಸು, ಚಳಿಗಾಲದ ಬೂಟು, ಹಳೆಯ ಪುಸ್ತಕಗಳ ರಟ್ಟಿನ ಡಬ್ಬ, ನಾವೇ ಹೋದ ವರ್ಷ ಕಳಿಸಿದ ಹಪ್ಪಳದ ಡಬ್ಬಿ, ಇನ್ನೂ ಸೀಲು ಒಡೆಯದೆ.

"ಅಮ್ಮಾ, ಎಂತ ಮಾಡ್ತಿದ್ದೀ?"

"ಇಲ್ಲಿ ಇಷ್ಟೆಲ್ಲ ಯಾಕೆ ತುಂಬಿಸಿ ಇಟ್ಟಿದ್ದೀ? ಖಾಲಿ ಇರ್ಲಿ."

"ಬೇರೆ ಎಲ್ಲಿಡುವುದು? ಮನೆಯಲ್ಲಿ ಜಾಗ ಇಲ್ಲ."

"ಅಟ್ಟದ ಮೇಲಿಡು. ಅಪ್ಪ ಎತ್ತಿ ಇಡ್ತಾರೆ."

ಅಪ್ಪ ಎತ್ತಿ ಇಟ್ಟರು. ಹಪ್ಪಳದ ಡಬ್ಬಿ ಅಡುಗೆಮನೆಗೆ ಹೋಯಿತು. ಹೆಂಡತಿ ಮಂಚದ ಅಡಿಯನ್ನು ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿ, ಮಂಚದ ಪಟ್ಟಿಯನ್ನು ಮುಷ್ಟಿಯಿಂದ ಗುದ್ದಿ ನೋಡಿ, "ಮರ ಗಟ್ಟಿ ಉಂಟು," ಎಂದಳು. ಆಮೇಲೆ ಮಗಳ ಕಡೆ ತಿರುಗಿ, "ಒಮ್ಮೆ ಒಳಗೆ ಹೋಗು ನೋಡ್ವ," ಎಂದಳು.

ಮೂವತ್ತನಾಲ್ಕು ವರ್ಷದ, ಹೆಸರಿನ ಮುಂದೆ ಡಾಕ್ಟರ್ ಎಂದು ಬರೆದುಕೊಳ್ಳುವ ಮಗಳು ನನ್ನ ಮುಖ ನೋಡಿದಳು. ನಾನು ಕಿಟಕಿಯಾಚೆ ನೋಡಿದೆ. ಅವಳು ಗೊಣಗುತ್ತಾ, ನಗುತ್ತಾ, ಬೆನ್ನ ಮೇಲೆ ಮಲಗಿ ಮಂಚದಡಿಗೆ ಸರಿದಳು. ಹೆಂಡತಿ ಬಗ್ಗಿ ಆ ತುದಿಯಿಂದ ಈ ತುದಿಯವರೆಗೆ ನೋಡಿದಳು.

"ಪಾದ ಹೊರಗೆ ಉಂಟು," ಎಂದಳು. "ಒಳಗೆ ಎಳ್ಕೊ."